ಕಸಿಗೆ ಮುನ್ನ ಪೂರ್ವಕರ್ಮ

ಆನಂದಪುರದ ಸಮೀಪದ ನರಸೀಪುರಕ್ಕೆ ಮರದ ತೊಗಟೆಯ ಔಷಧವನ್ನರಸಿ ದೇಶದ ನಾನಾ ಪ್ರಾಂತಗಳಿಂದ ಕ್ಯಾನ್ಸರ್ ರೋಗಿಗಳೂ ಅವರ ಬಂಧುಗಳೂ ಬಂದು ಸಾಲುಗಟ್ಟಿ ನಿಂತುದನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳವರು ಬಲ್ಲರು. ಆ ಔಷಧದ ಗುಣಾಗುಣಗಳ ವಿಚಾರವನ್ನು ನಾವು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಆದರೆ ಆ ಸಾಲು ಒಂದು ಸಂಗತಿಯನ್ನು ಸ್ಪಷ್ಟವಾಗಿ ಸಾರುತ್ತಿದ್ದಿತು. ಘೋರವ್ಯಾಧಿಯು ಅಂಟಿದಾಗ ಸುಮ್ಮನೆ ಕುಳಿತಿರಲಾರೆ, ತಾನೂ ಏನನ್ನಾದರೂ ಮಾಡಬೇಕು ಎಂಬ ಹಂಬಲವು ಮನುಷ್ಯನನ್ನು ಬಿಡುವುದಿಲ್ಲ. ರಕ್ತದ ಕ್ಯಾನ್ಸರಿಗೆ ತುತ್ತಾದ ವೃದ್ಧರ ಮಟ್ಟಿಗೆ ಈ ಹಂಬಲಕ್ಕೆ ತಕ್ಕ ಕೆಲಸವೊಂದನ್ನು ಇಂದಿನ ವೈದ್ಯಶಾಸ್ತ್ರವು ಕಂಡುಕೊಂಡಿದೆ. ಅದು ನಮ್ಮ ಮಲೆನಾಡಿನ ಮನೆಗಳಿಗೆ ತಲಪಬೇಕಾದುದು ಅತ್ಯವಶ್ಯವು.

ಅಮೆರಿಕದ ವೈದ್ಯ ಡೊನಾಲ್ ಥಾಮಸ್ ಎಂಬವರು 1957ರಲ್ಲಿ ಅಸ್ಥಿಮಜ್ಜೆಯ ಕಸಿಯನ್ನು ಮನುಷ್ಯರ ಮೇಲೆ ಪ್ರಯೋಗಿಸಿದರು. ಅದಕ್ಕಾಗಿ 1990ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1983ರಲ್ಲಿ ಇದನ್ನು ಆರಂಭಿಸಿದರು. ಕಸಿಗೆ ಮುಂಚೆ ಕೊಡುವ ಉಗ್ರವಾದ ಔಷಧಗಳನ್ನು ಮುದಿದೇಹವು ತಾಳಲಾರದೆಂದು ವಯಸ್ಸಾದವರನ್ನು ಮೊದಮೊದಲು ದೂರವಿಡುತ್ತಿದ್ದರು. 1990ರ ದಶಕದ ಕೊನೆಯಿಂದೀಚೆಗೆ ಸೌಮ್ಯವಾದ ಕ್ರಮಗಳು ಬಳಕೆಗೆ ಬಂದುದರಿಂದ ಅರವತ್ತು ದಾಟಿದವರಿಗೂ, ಆಯ್ದ ಕೆಲವು ಎಪ್ಪತ್ತರ ವೃದ್ಧರಿಗೂ ಕಸಿ ಸಾಧ್ಯವಾಗಿದೆ. ಆದುದರಿಂದ ವೈದ್ಯರು ಇಂದು ಜಾತಕದ ವಯಸ್ಸೊಂದನ್ನೇ ನೋಡುವುದಿಲ್ಲ. ರೋಗಿಯು ಆರು ನಿಮಿಷಗಳಲ್ಲಿ ಎಷ್ಟು ದೂರ ನಡೆಯಬಲ್ಲನು, ಕೈಯ ಹಿಡಿತವೆಷ್ಟು ಬಿಗಿ, ಕೈಯೂರದೆ ಕುರ್ಚಿಯಿಂದ ಏಳಬಲ್ಲನೇ ಎಂಬುದನ್ನೂ ಪರೀಕ್ಷಿಸುತ್ತಾರೆ.

ಇದಕ್ಕೆ ಕಾರಣವಿದೆ. ಕಸಿಯಾದ ಮೇಲೆ ಹೊಸ ಮಜ್ಜೆಯು ಬೇರೂರುವವರೆಗೆ, ಸಾಮಾನ್ಯವಾಗಿ ಎರಡು ಮೂರು ವಾರ, ರೋಗಿಯು ಪ್ರತ್ಯೇಕ ಕೊಠಡಿಯಲ್ಲಿರಬೇಕಾಗುವುದು. ಬಾಯಿ ಹುಣ್ಣಾಗಿ ಅನ್ನವಿಳಿಯದು, ಮಾಂಸಖಂಡಗಳು ಕರಗುವುವು. ನಿರೋಗಿಗಳಾದ ವೃದ್ಧರೇ ಹತ್ತು ದಿನ ಹಾಸಿಗೆ ಹಿಡಿದರೆ ಕಾಲುಗಳ ಮಾಂಸದಲ್ಲಿ ಸುಮಾರು ಒಂದು ಕಿಲೋಗ್ರಾಮಿನಷ್ಟು ನಷ್ಟವಾಗುವುದೆಂದು 2007ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದುಬಂದಿತು. ಹಾಗಿರಲು ರೋಗಿಯ ಗತಿಯೇನು? ಮೂಲಧನವಿಲ್ಲದವನು ಬರಗಾಲವನ್ನು ಕಳೆಯುವುದೆಂತು? ಶಸ್ತ್ರಕ್ರಿಯೆಗೆ ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮಗಳೆಂದು ಮೂರು ಅಂಗಗಳನ್ನು ಹೇಳಿದವನು ನಮ್ಮ ಸುಶ್ರುತನು. ಪ್ರಧಾನಕರ್ಮಕ್ಕೆ ಲಕ್ಷಗಟ್ಟಲೆ ರೂಪಾಯಿಗಳನ್ನು ವೆಚ್ಚಮಾಡುವ ನಾವು ಪೂರ್ವಕರ್ಮವನ್ನು ಮರೆತಿದ್ದೇವೆ.

ಮರೆತುದಷ್ಟೇ ಅಲ್ಲ, ವಿಪರೀತವನ್ನು ಮಾಡುತ್ತಿದ್ದೇವೆ. ಮನೆಯ ಹಿರಿಯರಿಗೆ ಇಂತಹ ರೋಗವೆಂದು ತಿಳಿದೊಡನೆ ಅವರನ್ನು ಮಂಚದಿಂದ ಇಳಿಯಗೊಡದೆ, ಪಥ್ಯವೆಂದು ಗಂಜಿ, ತಿಳಿಸಾರುಗಳನ್ನೇ ಉಣಿಸುವುದು ನಮ್ಮಲ್ಲಿ ರೂಢಿ. ಪ್ರೀತಿಯಿಂದಲೇ ಹೀಗೆ ಮಾಡುವರು; ಪರಿಣಾಮ ಮಾತ್ರ ಹಿತವಲ್ಲ. ಔಷಧೋಪಚಾರಕ್ಕೂ ಕಸಿಗೂ ನಡುವೆ ದೊರೆಯುವ ಕೆಲವು ವಾರಗಳು ಬರಿದೆ ಕಾಯುವ ಕಾಲವಲ್ಲ, ಚಿಕಿತ್ಸೆಯದೇ ಒಂದು ಭಾಗವೆಂದು ತಿಳಿಯಬೇಕು. ದಿನವೂ ಅಂಗಳದಲ್ಲಿ ನಡೆಯುವುದು, ಕುರ್ಚಿಯಿಂದ ಹತ್ತಾರು ಸಲ ಎದ್ದು ಕೂರುವುದು, ಮೆಟ್ಟಿಲು ಹತ್ತುವುದು, ದೀರ್ಘಶ್ವಾಸದ ಅಭ್ಯಾಸ, ಇವಿಷ್ಟೇ ವ್ಯಾಯಾಮ. ಆಹಾರದಲ್ಲಿ ದೇಹದ ತೂಕದ ಕಿಲೋ ಒಂದಕ್ಕೆ 1ರಿಂದ 1.5 ಗ್ರಾಂ ಸಸಾರಜನಕವಿರಬೇಕೆಂಬುದು ತಜ್ಞರ ಅಭಿಪ್ರಾಯ. ಎಂದರೆ 50 ಕಿಲೋ ತೂಗುವವರಿಗೆ ದಿನಕ್ಕೆ 50ರಿಂದ 75 ಗ್ರಾಂ. ಹಿಡಿಯಕ್ಕಿಯ ಗಂಜಿಯಲ್ಲಿ ದೊರೆಯುವುದು ಮೂರು ನಾಲ್ಕು ಗ್ರಾಂ. ದೊಡ್ಡ ಲೋಟ ಹಾಲಿನಲ್ಲಿ ಸುಮಾರು 8, ಮೊಟ್ಟೆಯೊಂದರಲ್ಲಿ 6, ಹಿಡಿ ತೊಗರಿ ಅಥವಾ ಹೆಸರುಬೇಳೆಯಲ್ಲಿ 7, ನೂರು ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಇದೆ. ಆದುದರಿಂದ ತಂಬುಳಿಯನ್ನು ಬಿಡಬೇಕಾಗಿಲ್ಲ. ಬೇಳೆ, ಹಾಲು, ಹುರುಳಿಗಳು ಎಲೆಯ ಮೇಲೆ ಅದರ ಜೊತೆಗೂಡಬೇಕು.

ಎಚ್ಚರಿಕೆಯ ಮಾತುಗಳೂ ಉಂಟು. ಅರ್ಧಶಕ್ತಿಯಷ್ಟೇ ವ್ಯಾಯಾಮವೆಂದು ಸುಶ್ರುತನು ಮಿತಿಯನ್ನು ಹೇಳಿದ್ದಾನೆ. ಅದು ಇಲ್ಲಿಯೂ ಒಪ್ಪುವ ಮಾತು. ಮಜ್ಜೆಯ ಕ್ಯಾನ್ಸರಾದ ಮೈಲೋಮದಲ್ಲಿ ಎಲುಬುಗಳು ಟೊಳ್ಳಾಗಿರಬಹುದಾದುದರಿಂದ ಭಾರವೆತ್ತುವುದು ಅಪಾಯಕರ. ಜ್ವರವಿರುವಾಗ, ಅಥವಾ ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳು ತೀರ ಇಳಿದಿರುವಾಗ, ವೈದ್ಯರನ್ನು ಕೇಳದೆ ಏನನ್ನೂ ಮಾಡಲಾಗದು. ಮೂತ್ರಪಿಂಡವು ಕೆಟ್ಟಿದ್ದರೆ ಸಸಾರಜನಕದ ಪ್ರಮಾಣವನ್ನು ವೈದ್ಯರೇ ನಿರ್ಣಯಿಸಬೇಕು. ಕಷಾಯ, ಪುಡಿ, ತೊಗಟೆಗಳಾವುದನ್ನು ಸೇವಿಸುತ್ತಿದ್ದರೂ ಅವರಿಂದ ಮರೆಮಾಚಕೂಡದು. ಪೂರ್ವಸಿದ್ಧತೆಯಿಂದ ನಡಿಗೆಯೂ ಬಲವೂ ಹೆಚ್ಚುವುದೆಂಬುದು ಪ್ರಯೋಗಗಳಲ್ಲಿ ಕಂಡಿದೆ. ಆಯುಸ್ಸೇ ಹೆಚ್ಚುವುದೆಂಬುದು ಇನ್ನೂ ಸಿದ್ಧವಾಗಿಲ್ಲ. ಇಲ್ಲದ ಭರವಸೆಯನ್ನು ಕೊಡುವುದು ಪತ್ರಿಕೆಗೆ ಧರ್ಮವಲ್ಲ. ಆದರೆ ಚೇತರಿಸಿ ಮನೆಗೆ ಬಂದ ವೃದ್ಧನು ಪರರ ತೋಳನ್ನು ಹಿಡಿಯದೆ ತನ್ನ ಬಚ್ಚಲಿಗೆ ತಾನೇ ನಡೆದುಹೋಗುವುದು ಅಲ್ಪ ಲಾಭವೇ?

ಇನ್ನು ಸರಕಾರದವರಿಗೆ ಒಂದು ಮಾತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1973ರಲ್ಲಿ ಸ್ಥಾಪಿತವಾದಂದಿನಿಂದ ನಾಡಿನ ಬಡರೋಗಿಗಳಿಗೆ ಆಶ್ರಯವಾಗಿದೆ. ಆದರೆ ಆನಂದಪುರದಿಂದ ಅದು ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ವ್ಯಾಯಾಮ ಕಲಿಯಲು ವಾರಕ್ಕೊಮ್ಮೆ ಅಲ್ಲಿಗೆ ಹೋಗಿಬರುವುದು ಯಾವ ವೃದ್ಧನಿಗೆ ಸಾಧ್ಯ? ವೃದ್ಧರ ಆರೋಗ್ಯಕ್ಕಾಗಿ ಕೇಂದ್ರ ಸರಕಾರವು 2010ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾಸ್ಪತ್ರೆಗಳಿಗೂ ಸಮುದಾಯ ಆರೋಗ್ಯ ಕೇಂದ್ರಗಳಿಗೂ ಅಂಗಸಾಧನೆ ಕಲಿಸುವವರನ್ನು ಒದಗಿಸುವ ಏರ್ಪಾಡನ್ನು ಹೇಳಿದೆ. ಆ ಏರ್ಪಾಡನ್ನೇ ಇದಕ್ಕೂ ಬಳಸಬಹುದು. ಕಸಿಯನ್ನು ನಿಶ್ಚಯಿಸಿದ ದಿನವೇ ದೊಡ್ಡ ಆಸ್ಪತ್ರೆಯವರು ರೋಗಿಯ ತಾಲ್ಲೂಕು ಆಸ್ಪತ್ರೆಗೆ ಒಂದು ಪತ್ರವನ್ನು ಬರೆಯಲಿ. ಅಲ್ಲಿಯವರು ವಾರಕ್ಕೊಮ್ಮೆ ಅವನ ತೂಕ, ನಡಿಗೆ, ಊಟಗಳನ್ನು ಪರೀಕ್ಷಿಸಿ ಉತ್ತರ ಕಳುಹಿಸಲಿ. ಇದಕ್ಕೆ ಬೇಕಾದುದು ಒಂದು ತಕ್ಕಡಿ, ಒಂದು ಗಡಿಯಾರ, ಒಂದು ಕುರ್ಚಿ, ಮೂವತ್ತು ಮೀಟರಿನ ಪಡಸಾಲೆ, ಮತ್ತು ಕಲಿತ ಒಬ್ಬ ಕೆಲಸಗಾರ.

ಮಲೆನಾಡಿನ ತೋಟಿಗನು ಕಸಿಯನ್ನು ಕಟ್ಟುವಾಗ ತಾಯಿಗಿಡವು ಸೊರಗದಂತೆ ಮೊದಲೇ ನೀರು ಗೊಬ್ಬರಗಳಿಂದ ಪೋಷಿಸುವನು. ಗಿಡಕ್ಕೆ ತೋರುವ ಈ ವಿವೇಕವನ್ನು ಮನುಷ್ಯರಿಗೆ ತೋರಿಸಲು ದುಡ್ಡಿನ ಅಭಾವವನ್ನು ನೆಪವಾಗಿ ಹೇಳುವಂತಿಲ್ಲ. ಶಿವಮೊಗ್ಗೆಯ ಜಿಲ್ಲಾ ಆರೋಗ್ಯಾಧಿಕಾರಿಗಳು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಆಸ್ಪತ್ರೆಗಳಲ್ಲಿ ಇದನ್ನು ಮೊದಲು ಆರಂಭಿಸಿ ನಾಡಿಗೆ ಮೇಲ್ಪಂಕ್ತಿಯಾಗಬೇಕೆಂದು ನಾವು ಒತ್ತಾಯಪಡಿಸುವೆವು.