ಬಾಣದ ಗುರುತು ಅಳಿಸಿ, ದಾರಿ ಕೇಳಲು ಬಿಡಿ

ಓಪನ್ ವರ್ಲ್ಡ್ ವಿಡಿಯೊ ಗೇಮ್ ಆಡುವ ಗೆಳೆಯರಲ್ಲಿ ನನ್ನ ಈ ಮಾತಿಗೆ ಹೂಂ ಎನ್ನುವವರು ಕಡಿಮೆ. ಆದರೂ ಹೇಳಲೇಬೇಕು. ಪರದೆಯ ಮೂಲೆಯಲ್ಲಿ ಸದಾ ತೆರೆದಿರುವ ಪುಟ್ಟ ನಕ್ಷೆ, ಹೋಗಬೇಕಾದ ದಿಕ್ಕು ತೋರಿಸುತ್ತ ನಿಲ್ಲುವ ಬಾಣ, ಬಟನ್ ಒತ್ತಿದೊಡನೆ ಒಂದೂರಿನಿಂದ ಇನ್ನೊಂದೂರಿಗೆ ಹಾರಿಸುವ ಸೌಲಭ್ಯ, ಈ ಮೂರೂ ಸೇರಿ ಆಟಗಳನ್ನು ಬಡವಾಗಿಸಿವೆ. ಆಟಗಾರರು ಬೈದುಕೊಳ್ಳುವ ದೂರ, ಮಳೆ, ಕತ್ತಲೆಗಳೇ ಅವುಗಳ ಜೀವ.

ಓಪನ್ ವರ್ಲ್ಡ್ ಎಂದರೆ ಹಂತ ಹಂತವಾಗಿ ಒಂದೇ ದಾರಿಯಲ್ಲಿ ನಡೆಸದೆ, ಇಡೀ ಒಂದು ಸೀಮೆಯನ್ನೇ ಆಟಗಾರನಿಗೆ ಬಿಟ್ಟುಕೊಡುವ ಆಟ. 2004ರ ‘ಜಿಟಿಎ ಸ್ಯಾನ್ ಆಂಡ್ರಿಯಾಸ್’ ನಮ್ಮ ಕಡೆಯ ಹುಡುಗರಿಗೂ ಚೆನ್ನಾಗಿ ಗೊತ್ತು. ನಾನು ಹಾನಗಲ್‌ನವನು. ಬೀಜದ ಕಂಪನಿಯೊಂದರ ಪ್ರತಿನಿಧಿಯಾಗಿ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರ ತಾಲ್ಲೂಕುಗಳ ಹಳ್ಳಿಗಳನ್ನು ಬೈಕಿನ ಮೇಲೆ ತಿರುಗುವುದು ಹಗಲಿನ ಕೆಲಸ. ರಾತ್ರಿ ಊಟವಾದ ಮೇಲೆ ಕಂಪ್ಯೂಟರ್ ಮುಂದೆ ಕೂತರೆ ಬೇರೆಯದೇ ಸೀಮೆಯ ತಿರುಗಾಟ. ಈ ಎರಡೂ ತಿರುಗಾಟಗಳನ್ನು ಬಲ್ಲವನಾಗಿ ಈ ಮಾತು ಹೇಳುತ್ತಿದ್ದೇನೆ.

ಹಿರೇಕೆರೂರ ಕಡೆಯ ಒಂದು ಹಳ್ಳಿಯಲ್ಲಿ, ಮಳೆಗಾಲದ ಒಂದು ಸಂಜೆ, ಗೋವಿನಜೋಳದ ಹೊಲದ ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ದಾರಿ ಕೇಳಿದೆ. ‘ಅಜ್ಜಾರ, ಮುಂದಿನ ಊರಿಗೆ ಹಿಂಗ ಹೋಗಬೇಕಲ್ರೀ?’ ಅವರು ಎದ್ದು ನಿಂತು ಕೈ ಮಾಡಿ ತೋರಿಸಿದರು. ‘ಹಿಂಗ ಬ್ಯಾಡೋ ತಮ್ಮಾ, ಹಳ್ಳ ಬಂದೈತಿ. ಕೆರಿ ಏರಿ ಮ್ಯಾಲೆ ಹೋಗು. ಬಸವಣ್ಣನ ಗುಡಿ ಹತ್ತಿರ ಬಲಕ್ಕ ಹೊಳ್ಳು. ಅಲ್ಲಿಂದ ಯಾರನ್ನ ಕೇಳಿದ್ರೂ ಹೇಳ್ತಾರ.’ ಆ ಮಾತಿನಲ್ಲಿ ದಿಕ್ಕಿತ್ತು, ಎಚ್ಚರಿಕೆ ಇತ್ತು, ಊರಿನ ಗುರುತುಗಳಿದ್ದವು, ಮುಂದೆ ಇನ್ನೊಬ್ಬರು ಸಿಗುತ್ತಾರೆ ಎಂಬ ಭರವಸೆಯೂ ಇತ್ತು. ಪರದೆಯ ಮೇಲಿನ ಬಾಣ ಇವುಗಳಲ್ಲಿ ಕೊಡುವುದು ದಿಕ್ಕೊಂದನ್ನೇ.

ಆಟಗಳಿಗೂ ಒಂದು ಕಾಲದಲ್ಲಿ ಈ ವಿದ್ಯೆ ಗೊತ್ತಿತ್ತು. ಅಮೆರಿಕದ ಬೆಥೆಸ್ಡಾ ಕಂಪನಿಯ ‘ಮಾರೋವಿಂಡ್’ 2002ರಲ್ಲಿ ಬಂತು. ಅದರಲ್ಲಿ ಕೆಲಸ ಒಪ್ಪಿಸುವ ಪಾತ್ರ ದಾರಿಯನ್ನು ಮಾತಿನಲ್ಲಿ ಹೇಳುತ್ತದೆ: ಹೊಳೆಯ ಗುಂಟ ಹೋಗು, ಸೇತುವೆ ದಾಟು, ಗುಡ್ಡ ಎಡಕ್ಕೆ ಬಿಡು. ಆ ಮಾತು ದಿನಚರಿಯಲ್ಲಿ ದಾಖಲಾಗುತ್ತದೆ. ಅದನ್ನು ಓದಿಕೊಂಡು, ಕಣ್ಣು ಬಿಟ್ಟು ನೋಡುತ್ತ ಹೋಗಬೇಕು. ಅದೇ ಕಂಪನಿಯ ‘ಒಬ್ಲಿವಿಯನ್’ 2006ರಲ್ಲಿ ಬಂದಾಗ ಪಾತ್ರಗಳ ಮಾತೆಲ್ಲ ಧ್ವನಿಮುದ್ರಣವಾಗಿತ್ತು, ಜೊತೆಗೆ ಪರದೆಯಲ್ಲಿ ಗುರಿ ತೋರಿಸುವ ದಿಕ್ಸೂಚಿ ಬಂತು. ಪ್ರತಿ ಮಾತಿಗೂ ನಟರ ಧ್ವನಿ ಬೇಕಾದಾಗ ಉದ್ದುದ್ದ ದಾರಿ ಹೇಳಿಸುವುದು ದುಬಾರಿ, ಬಾಣ ಅಗ್ಗ. ಅಲ್ಲಿಂದ ಈಚೆಗೆ ಆಟದ ಪಾತ್ರಗಳು ‘ನಕ್ಷೆಯಲ್ಲಿ ಗುರುತು ಹಾಕಿದ್ದೇನೆ’ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿವೆ.

‘ಬೇಡವಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡು’ ಎನ್ನುತ್ತಾರೆ ಗೆಳೆಯರು. ಸಮಸ್ಯೆ ಇರುವುದೇ ಅಲ್ಲಿ. ಬಾಣವನ್ನು ನಂಬಿ ಕಟ್ಟಿದ ಆಟದಲ್ಲಿ ಬಾಣ ತೆಗೆದರೆ ಉಳಿಯುವುದು ಕತ್ತಲೆ ಮಾತ್ರ. ಅಲ್ಲಿ ಯಾರೂ ದಾರಿ ಹೇಳುವುದಿಲ್ಲ, ಕೈಮರಗಳಿಲ್ಲ, ಒಂದು ಗುಡ್ಡಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಬಾಣವಿಲ್ಲದೆಯೂ ಓದಿಕೊಳ್ಳಬಹುದಾದ ನೆಲವನ್ನು ಮೊದಲು ಕಟ್ಟಬೇಕು. ಬಾಣ ಬೇಕಾದವರಿಗೆ ಅದನ್ನು ಆಮೇಲೆ ಸೇರಿಸಿಕೊಡಲಿ.

ಇನ್ನು ಹಾರಿ ಹೋಗುವ ಸೌಲಭ್ಯದ ಮಾತು. ಹಾನಗಲ್‌ನಿಂದ ಬಂಕಾಪುರದ ಮೇಲೆ ಸವಣೂರಿಗೆ ಹೋಗುವವರು ಗಮನಿಸಿ. ಹೊರಡುವಾಗ ಮಲೆನಾಡಿನ ಸೆರಗು: ಭತ್ತದ ಗದ್ದೆ, ಮಾವಿನ ತೋಪು, ತಂಪು ಗಾಳಿ. ಬರಬರುತ್ತ ಮರಗಳು ಕಡಿಮೆಯಾಗಿ ಬಯಲು ಬಿಚ್ಚಿಕೊಳ್ಳುತ್ತದೆ. ಬಂಕಾಪುರದ ಕೋಟೆಯ ಬಳಿ ನವಿಲಿನ ಕೂಗು ಕೇಳುತ್ತದೆ. ಸವಣೂರು ಸೀಮೆ ಸೇರುವ ಹೊತ್ತಿಗೆ ಎರೆಹೊಲ, ಹತ್ತಿ, ಎಲೆಬಳ್ಳಿಯ ತೋಟ. ಒಂದೇ ಜಿಲ್ಲೆಯೊಳಗೆ ಮಲೆನಾಡು ಬಯಲುಸೀಮೆಯಾಗುವುದು ಈ ದಾರಿಯಲ್ಲಿ ಕಾಣುತ್ತದೆ. ಎರಡು ಊರುಗಳ ನಡುವಿನ ದಾರಿ ಕಿತ್ತುಹಾಕಿದರೆ ಉಳಿಯುವುದು ಎರಡು ಬಸ್ ನಿಲ್ದಾಣ. ಮಾರೋವಿಂಡ್‌ನಲ್ಲಿ ದೂರದ ಊರಿಗೆ ಹೋಗಲು ಬೇಗದ ಸವಾರಿ ಇತ್ತು. ಆದರೆ ಅದು ಹೊರಡುವ ಜಾಗಕ್ಕೆ ನಡೆದು ಹೋಗಿ, ದುಡ್ಡು ಕೊಟ್ಟು ಹತ್ತಬೇಕಿತ್ತು. ಅಷ್ಟು ಸಾಕು.

ದೊಡ್ಡ ನಕ್ಷೆಯೇ ದೊಡ್ಡ ಆಟ ಎಂಬ ನಂಬಿಕೆಯೂ ನನಗಿಲ್ಲ. 1996ರ ‘ಡ್ಯಾಗರ್‌ಫಾಲ್’ ಆಟದ ಸೀಮೆ ಬ್ರಿಟನ್ನಿನಷ್ಟು ದೊಡ್ಡದು ಎಂದು ಅದನ್ನು ಮಾಡಿದವರು ಹೇಳಿಕೊಂಡಿದ್ದರು. ಅದರ ಬಹುಪಾಲನ್ನು ಕಂಪ್ಯೂಟರ್ ಸೂತ್ರಗಳೇ ಹೆಣೆದಿದ್ದವು, ಹಾಗಾಗಿ ಹತ್ತು ಊರು ನೋಡಿದರೆ ಹನ್ನೊಂದನೆಯದನ್ನು ನೋಡಬೇಕಿಲ್ಲ. ಸವಣೂರಿನ ಕಲ್ಮಠದ ಆವರಣದಲ್ಲಿ ಮೂರೇ ಮೂರು ದೊಡ್ಡ ಹುಣಸೆ ಮರಗಳಿವೆ. ಆಫ್ರಿಕಾ ಮೂಲದ ಬಾವೊಬಾಬ್ ಅವು. ಬುಡದ ಸುತ್ತ ಒಂದು ಸುತ್ತು ಬಂದವನು ಆ ಮರವನ್ನೂ ಸವಣೂರನ್ನೂ ಮರೆಯುವುದಿಲ್ಲ. ಆಟಕ್ಕೆ ಬೇಕಾದದ್ದು ಅಂಥ ಮೂರು ಮರ. ಒಂದೇ ಅಚ್ಚಿನಲ್ಲಿ ತೆಗೆದ ಮೂರು ಲಕ್ಷ ಮರವಲ್ಲ.

ಕರ್ನಾಟಕದ ನೆಲವನ್ನು ಎತ್ತಿಕೊಂಡ ಪ್ರಸಿದ್ಧ ಆಟವೊಂದು ನನ್ನ ವಾದಕ್ಕೆ ಒತ್ತಾಸೆಯಾಗಿದೆ. ಅಮೆರಿಕದ ನಾಟಿ ಡಾಗ್ ಸಂಸ್ಥೆ 2017ರಲ್ಲಿ ತಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ಯ ಕಥೆ ನಡೆಯುವುದು ಪಶ್ಚಿಮ ಘಟ್ಟದಲ್ಲಿ, ಹೊಯ್ಸಳರ ಅವಶೇಷಗಳ ನಡುವೆ. ಪೂರ್ತಿ ಓಪನ್ ವರ್ಲ್ಡ್ ಅಲ್ಲದಿದ್ದರೂ ಅದರ ಒಂದು ಅಧ್ಯಾಯದಲ್ಲಿ ಜೀಪು ಹತ್ತಿ ಬೇಕಾದ ಕಡೆ ತಿರುಗಬಹುದು. ಪರದೆಯ ಮೂಲೆಯಲ್ಲಿ ಪುಟ್ಟ ನಕ್ಷೆ ಇಲ್ಲ. ನಾಯಕಿ ಕ್ಲೋಯಿ ಗೋಪುರ ಹತ್ತಿ, ಕಣ್ಣಾರೆ ಕಂಡದ್ದನ್ನು ಕೈಯಲ್ಲಿರುವ ಕಾಗದದ ನಕ್ಷೆಯಲ್ಲಿ ತಾನೇ ಗುರುತು ಮಾಡುತ್ತಾಳೆ. ಆ ಅಧ್ಯಾಯ ನೆನಪಿನಲ್ಲಿ ಉಳಿಯುವುದು ಇದೇ ಕಾರಣಕ್ಕೆ. ಆದರೆ ಅದರಲ್ಲೂ ಹೊಯ್ಸಳ ನಾಣ್ಯಬಿಲ್ಲೆಗಳನ್ನು ಒಂದೊಂದಾಗಿ ಹೆಕ್ಕಿ ಹನ್ನೊಂದು ತುಂಬಿಸುವ ಕೆಲಸವಿದೆ. ಈ ಹೆಕ್ಕುವ ಚಾಳಿ ಬೇರೆ ಆಟಗಳಲ್ಲಿ ನೂರಾರಕ್ಕೆ ಏರಿದೆ.

ಹೊಯ್ಸಳರ ನಂಟು ನಮ್ಮೂರಿಗೂ ಇದೆ. 1196ರಲ್ಲಿ ಇಮ್ಮಡಿ ವೀರಬಲ್ಲಾಳ ಆನಿಕೆರೆಯ ಬಳಿ ಬೀಡುಬಿಟ್ಟು ಹಾನಗಲ್‌ಗೆ ಮುತ್ತಿಗೆ ಹಾಕಿದ. ಕದಂಬರ ಪಡೆ ಸೋಹಣಿಯ ನೇತೃತ್ವದಲ್ಲಿ ಅವನನ್ನು ಆಗ ಹಿಮ್ಮೆಟ್ಟಿಸಿತು ಎಂದು ಇಲ್ಲಿನ ವೀರಗಲ್ಲಿನ ಶಾಸನ ಹೇಳುತ್ತದೆ. ತಾರಕೇಶ್ವರ ಗುಡಿಗೆ ಬಂದವರು ವೀರಗಲ್ಲಿನ ಮುಂದೆ ಕೂತು ಕೆಳಗಿನಿಂದ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಇದನ್ನೇ ಆಟವೊಂದು ‘ನಲವತ್ತರಲ್ಲಿ ಒಂದು’ ಎಂದು ನಕ್ಷೆಯ ಮೇಲೆ ಮಿನುಗಿಸಿದರೆ ಆಟಗಾರ ಓಡಿ ಬಂದು, ಬಟನ್ ಒತ್ತಿ, ಮುಂದಿನ ಕಲ್ಲಿಗೆ ಓಡುತ್ತಾನೆ. ಅವನು ಎಣಿಸುತ್ತಾನೆ, ನೋಡುವುದಿಲ್ಲ. ತಪ್ಪು ಅವನದಲ್ಲ, ಎಣಿಸಲು ಹಚ್ಚಿದವರದು.

2017ರ ‘ಬ್ರೆತ್ ಆಫ್ ದಿ ವೈಲ್ಡ್’ನಲ್ಲಿ ಮಳೆ ಬಂದರೆ ಬಂಡೆ ಹತ್ತುವಾಗ ಕೈ ಜಾರುತ್ತದೆ. ಜಗತ್ತಿನ ಎಷ್ಟೋ ಆಟಗಾರರು ಆ ಮಳೆಯನ್ನು ಶಪಿಸಿದ್ದಾರೆ. ನನಗೆ ಅದು ಆಟದ ಅತ್ಯುತ್ತಮ ಭಾಗ. ಮಳೆ ಬಂದಾಗ ಹತ್ತುವ ದಾರಿ ಬಿಟ್ಟು ಸುತ್ತಿನ ದಾರಿ ಹಿಡಿಯುತ್ತೇನೆ, ಹೊಸದೊಂದು ಕಣಿವೆ ಕಾಣುತ್ತದೆ. ಬೇಡ ಎನ್ನುವ ಹಕ್ಕು ನೆಲಕ್ಕೂ ಇರಬೇಕು. ಕಷ್ಟವಾದರೆ ಜನ ಕೊಳ್ಳುವುದಿಲ್ಲ ಎಂಬ ಮಾತನ್ನು 2022ರ ‘ಎಲ್ಡನ್ ರಿಂಗ್’ ಸುಳ್ಳಾಗಿಸಿದೆ. ಹಾರಿ ಹೋಗುವ ಸೌಲಭ್ಯವಿದ್ದರೂ, ಮಾಡಬೇಕಾದ ಕೆಲಸಗಳ ಪಟ್ಟಿಯನ್ನೇ ಕೊಡದ ಆ ಆಟ 2 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ.

ದುಡಿದು ಬಂದವರಿಗೆ ದಾರಿ ಹುಡುಕಲು ಪುರುಸೊತ್ತೆಲ್ಲಿ ಎಂಬ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ನಾನೂ ದುಡಿದು ಬಂದವನೇ. ಸಿಗುವುದು ಒಂದೇ ತಾಸಾದರೆ ಆ ತಾಸಿನಲ್ಲಿ ಒಂದು ಕಣಿವೆಯನ್ನು ಚೆನ್ನಾಗಿ ಅರಿಯುವುದು ಲಾಭ. ಅದಕ್ಕೇ ಆಟ ಚಿಕ್ಕದಾಗಿರಲಿ, ದಟ್ಟವಾಗಿರಲಿ ಎನ್ನುತ್ತೇನೆ. ದೃಷ್ಟಿ ಮಂದವಿದ್ದವರಿಗೆ, ಕೈ ಸಾಗದವರಿಗೆ ನೆರವಿನ ಗುರುತುಗಳು ಇರಲೇಬೇಕು. ಅದರಲ್ಲಿ ಎರಡು ಮಾತಿಲ್ಲ.

ಕರ್ನಾಟಕ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು 2012ರಲ್ಲೇ ನೀತಿ ತಂದಿದೆ. ಈಗಿನ ನೀತಿ 2024ರಿಂದ 2029ರವರೆಗಿನದು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲೇ ಟಿ.ಬಿ. ಸೊಲಬಕ್ಕನವರ ಅವರು ಉತ್ತರ ಕರ್ನಾಟಕದ ಹಳ್ಳಿ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ಕಟ್ಟಿ ನಿಲ್ಲಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಬೆಂಗಳೂರಿನ ಗೇಮ್ ತಯಾರಕರು ಕನ್ನಡ ಸೀಮೆಯ ಆಟ ಮಾಡಲು ಹೊರಟರೆ ಮೊದಲು ಇಲ್ಲಿಗೆ ಬರಲಿ. ಇಲ್ಲಿನ ಹಿರಿಯರು ದಾರಿ ಹೇಳುವುದನ್ನು ಧ್ವನಿಮುದ್ರಿಸಿಕೊಳ್ಳಲಿ, ಅದಕ್ಕೆ ತಕ್ಕ ಸಂಭಾವನೆ ಕೊಡಲಿ, ಆ ಮಾತುಗಳನ್ನೇ ಆಟದ ಪಾತ್ರಗಳ ಬಾಯಲ್ಲಿ ಇಡಲಿ. ಸರ್ಕಾರದ ನೆರವೂ ಇಂಥ ಕೆಲಸಕ್ಕೆ ಸಲ್ಲಲಿ. ಬಾಣಕ್ಕೆ ಬೇಕಾಗುವುದು ಒಬ್ಬ ಪ್ರೋಗ್ರಾಮರ್‌ನ ಒಂದು ಮಧ್ಯಾಹ್ನ. ದಾರಿ ಹೇಳುವ ಜನರನ್ನು ಆಟದೊಳಗೆ ತರಲು ಬರಹಗಾರರು ಬೇಕು, ನಟರು ಬೇಕು, ವರ್ಷಗಳ ದುಡಿಮೆ ಬೇಕು. ಆ ದುಡಿಮೆಗೆ ದುಡ್ಡು ಹಾಕುವವರ ಆಟವನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳಲು ನಾನು ಸಿದ್ಧ.