ಹುಲಿಯೂ ಉಳಿಯಲಿ, ಹಾಡಿಯೂ ಉಳಿಯಲಿ



2025ರ ಮೇ 5ರಂದು ಐವತ್ತಕ್ಕೂ ಹೆಚ್ಚು ಜೇನುಕುರುಬ ಆದಿವಾಸಿ ಕುಟುಂಬಗಳು ನಾಗರಹೊಳೆ ಕಾಡಿಗೆ ಮರಳಿದವು. ಸುಮಾರು ನಲವತ್ತು ವರ್ಷಗಳ ಹಿಂದೆ ಅರಣ್ಯ ಇಲಾಖೆ ಒಕ್ಕಲೆಬ್ಬಿಸಿದ್ದ ಕರಡಿಕಲ್ಲು ಅತ್ತೂರು ಕೊಲ್ಲಿ ಎಂಬ ತಮ್ಮ ಹಾಡಿಯಲ್ಲೇ (ಕಾಡಿನ ಊರಲ್ಲೇ) ಗುಡಿಸಲು ಹಾಕಿಕೊಂಡವು. ಅಷ್ಟೂ ಕಾಲ ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಕೂಲಿ ಮಾಡಿ ಬದುಕಿದವರು ಇವರು. ಸ್ವಂತ ನೆಲಕ್ಕೆ ಬಂದವರನ್ನು ಇಲಾಖೆ ಒತ್ತುವರಿದಾರರೆಂದು ಕಂಡಿತು.

ಕಾನೂನು ಹೇಳುವುದೇ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, 2005ರ ಡಿಸೆಂಬರ್ 13ಕ್ಕೆ ಮೊದಲು ಅಕ್ರಮವಾಗಿ ಹೊರಹಾಕಲ್ಪಟ್ಟವರಿಗೂ ಪುನರ್ವಸತಿಯ ಹಕ್ಕಿದೆ. ಹಕ್ಕಿನ ಅರ್ಜಿಯನ್ನು ಮೊದಲು ಪರಿಶೀಲಿಸಬೇಕಾದದ್ದು ಗ್ರಾಮಸಭೆ. ಕಾಗದಪತ್ರವಿಲ್ಲದಿದ್ದರೆ ಹಿರಿಯರ ಹೇಳಿಕೆ, ಸಮಾಧಿ, ದೇವರ ತಾಣ, ಹಳೆಯ ಬಾವಿ ಕೂಡ ಸಾಕ್ಷ್ಯವಾಗುತ್ತವೆ. ಜನರನ್ನು ಎಬ್ಬಿಸಿ, ಗುಡಿಸಲು ಕಿತ್ತು, ಆಮೇಲೆ ‘ನೀವಿಲ್ಲಿದ್ದಿರಿ ಎಂಬುದಕ್ಕೆ ದಾಖಲೆ ತನ್ನಿ’ ಎನ್ನುವುದು ಯಾವ ನ್ಯಾಯ?

‘ಮನುಷ್ಯರಿದ್ದರೆ ಹುಲಿ ಉಳಿದೀತೆ?’ ಎಂದು ಕೆಲವರು ಕೇಳುತ್ತಾರೆ. ಬಿಳಿಗಿರಿರಂಗನ ಬೆಟ್ಟವನ್ನು ನೋಡಿ. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗ ಆದಿವಾಸಿಗಳ ಇಪ್ಪತ್ತೈದು ಗ್ರಾಮಸಭೆಗಳಿಗೆ ಜೇನು, ನೆಲ್ಲಿ, ಪಾಚಿ ಸಂಗ್ರಹಿಸುವ ಸಮುದಾಯ ಹಕ್ಕೂ ಸಿಕ್ಕಿತು. ಸೋಲಿಗರು ಇಂದೂ ತಮ್ಮ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಇದ್ದಾರೆ; ದೊಡ್ಡಸಂಪಿಗೆ ಮರವನ್ನು ಪೂಜಿಸುತ್ತಾರೆ. ಹುಲಿಯೂ ಅಲ್ಲೇ ಇದೆ. ಇನ್ನು ನಾಗರಹೊಳೆಯ ಆದಿವಾಸಿಗಳನ್ನು ಹೊರಗಟ್ಟಿದ ವ್ಯವಸ್ಥೆಯೇ ಅದೇ ಕಾಡಿನಲ್ಲಿ ಐಷಾರಾಮಿ ಹೋಟೆಲಿಗೆ ಜಾಗ ಕೊಟ್ಟಿತ್ತು. ಆದಿವಾಸಿಗಳು ಹೋರಾಡಿದರು, 1997ರಲ್ಲಿ ಹೈಕೋರ್ಟ್ ಆ ಯೋಜನೆಯನ್ನು ತಡೆಯಿತು. ಹಾಗಾದರೆ ಕಾಡು ಕಾದವರು ಯಾರು?

ಟೆಕ್ಸಸ್‌ನಲ್ಲಿ ಕುಳಿತ ಕನ್ನಡಿಗರಿಗೆ ಇದೆಲ್ಲ ಏಕೆ ಎನ್ನಬೇಡಿ. ಇಲ್ಲಿನ ಬ್ರಾಜೋಸ್ ಮೀಸಲು ಪ್ರದೇಶದಲ್ಲಿದ್ದ ಕ್ಯಾಡೋ ಮತ್ತಿತರ ಮೂಲನಿವಾಸಿ ಜನರನ್ನು 1859ರಲ್ಲಿ ರೆಡ್ ನದಿಯಾಚೆಗೆ, ಇಂದಿನ ಒಕ್ಲಹೋಮಾಕ್ಕೆ ಅಟ್ಟಲಾಯಿತು. ಸ್ಟ್ಯಾಂಡಿಂಗ್ ರಾಕ್‌ನ ಸೂ ಮೂಲನಿವಾಸಿಗಳು 2016ರಲ್ಲಿ ವಿರೋಧಿಸಿದ ತೈಲ ಪೈಪ್‌ಲೈನಿನ ಹಿಂದಿದ್ದ ಎನರ್ಜಿ ಟ್ರಾನ್ಸ್‌ಫರ್ ಕಂಪನಿಯ ಕಚೇರಿ ಇರುವುದು ಡಲ್ಲಾಸ್‌ನಲ್ಲೇ. ಕ್ಯಾಡೋ ಜನರಿಗಾದ ಅನ್ಯಾಯವನ್ನು ಈಗ ತಿದ್ದುವುದು ಕಷ್ಟ. ನಾಗರಹೊಳೆಯಲ್ಲಿ ಕಾಲ ಮಿಂಚಿಲ್ಲ.

ನಾವು ಮಾಡಬಹುದಾದದ್ದು:

• ಹುಲಿಯ ಹೆಸರಿನಲ್ಲಿ ದೇಣಿಗೆ ಕೇಳಿದವರನ್ನು ವಿಚಾರಿಸಿ: ಈ ಹಣ ಹಾಡಿಗಳ ಸ್ಥಳಾಂತರಕ್ಕೆ ಹೋಗುತ್ತದೆಯೇ? ಗ್ರಾಮಸಭೆ ಒಪ್ಪಿದೆಯೇ? ನೇರ ಉತ್ತರ ಸಿಗದಿದ್ದರೆ ಕೊಡಬೇಡಿ.

• ಕರ್ನಾಟಕದ ಮುಖ್ಯಮಂತ್ರಿಗಳಿಗೆ ಬರೆಯಿರಿ: ಬಲವಂತದ ತೆರವು ಬೇಡ, ತಿರಸ್ಕರಿಸಿದ ಅರಣ್ಯ ಹಕ್ಕಿನ ಅರ್ಜಿಗಳನ್ನು ಗ್ರಾಮಸಭೆಯ ಮುಂದೆ ಮರುಪರಿಶೀಲಿಸಿ.

• ಆದಿವಾಸಿ ಸಂಘಟನೆಗಳಿಗೆ ಹಣ ಕಳಿಸುವ ಮುನ್ನ ನಿಯಮ ತಿಳಿಯಿರಿ. ಅಮೆರಿಕದ ಪೌರತ್ವ ಪಡೆದವರ ದೇಣಿಗೆ, ಓಸಿಐ ಕಾರ್ಡ್ ಇದ್ದರೂ, ವಿದೇಶಿ ವಂತಿಗೆ ಎನಿಸುತ್ತದೆ. ವಿದೇಶಿ ವಂತಿಗೆ ಪಡೆಯಲು ನೋಂದಣಿ ಇಲ್ಲದ ಸಂಸ್ಥೆ ಅದನ್ನು ಪಡೆದರೆ ತೊಂದರೆ ಆ ಸಂಸ್ಥೆಗೇ.

• ರಜೆಯಲ್ಲಿ ಸಫಾರಿಗೆ ಹೋದರೆ, ಈ ಕಾಡಿನಲ್ಲಿ ಯಾರ ಹಾಡಿಗಳಿದ್ದವು ಎಂದು ಮಕ್ಕಳೆದುರೇ ಕೇಳಿ.

ಜೇನುಕುರುಬರು ಕೇಳುತ್ತಿರುವುದು ದಯೆಯನ್ನಲ್ಲ, ಸಂಸತ್ತು ಒಪ್ಪಿದ ಹಕ್ಕನ್ನು. ಈ ವಾರವೇ ಪತ್ರ ಬರೆಯಿರಿ. ಈ ಕರಪತ್ರವನ್ನು ಓದಿ, ಇನ್ನೊಬ್ಬರ ಕೈಗೆ ಕೊಡಿ.

— ಲೂಯಿಸ್‌ವಿಲ್‌ನ ಕನ್ನಡಿಗರು