ಮಂಜು ಬಿದ್ರೆ ಫೋಟೋ ಹಾಳಾಯ್ತಾ?

ಆನ್‌ಸೈಟ್‌ಗೆ ಹೋದವರ ಗೋಳು ಒಂದೇ: "ಗೋಲ್ಡನ್ ಗೇಟ್‌ಗೆ ಹೋಗಿದ್ವಿ, ಬರೀ ಮಂಜು ಕಣ್ರೀ, ಫೋಟೋನೇ ಬರ್ಲಿಲ್ಲ!" ಆಮೇಲೆ ಅಂತರ್ಜಾಲದಿಂದ ನೀಲಿ ಆಕಾಶದ ಚಿತ್ರ ಇಳಿಸಿ ಬ್ಲಾಗಿಗೆ ಅಂಟಿಸ್ತಾರೆ.

ಅಲ್ಲಾ ಸ್ವಾಮಿ, ಬೇಸಿಗೆಯಲ್ಲಿ ಒಳನಾಡಿನ ಕಣಿವೆ ಕಾದಾಗ ತಣ್ಣನೆಯ ಪೆಸಿಫಿಕ್ ಮೇಲಿನ ಮಂಜು ಸೇತುವೆ ಇರುವ ಕಿಂಡಿಯಿಂದಲೇ ಒಳನುಗ್ಗುತ್ತೆ. ಅಮೆರಿಕದ ನೌಕಾಪಡೆ ಕಪ್ಪು-ಹಳದಿ ಪಟ್ಟೆ ಬಳೀರಿ ಅಂದಿತ್ತು. ವಾಸ್ತುಶಿಲ್ಪಿ ಇರ್ವಿಂಗ್ ಮಾರೋ ಕೇಸರಿಗೆಂಪೇ ಬೇಕು ಅಂದ. ಬೆಟ್ಟಗಳಿಗೂ ಹೊಂದುತ್ತೆ, ಮಂಜಲ್ಲೂ ಕಾಣುತ್ತೆ ಅಂತ. 1937ರಲ್ಲಿ ತೆರೆದ ಸೇತುವೆಗೆ ಇವತ್ತಿಗೂ ಅದೇ ಬಣ್ಣ. ಅಂದ್ರೆ ಮಂಜು ಅಡ್ಡಿಯಲ್ಲ, ಆ ಜಾಗದ ಗುಣ.

ಕಂಪನಿ ಕೆಲಸದ ನಡುವೆ ಸಿಕ್ಕ ಒಂದೇ ಶನಿವಾರ ನೀವು ಕಂಡದ್ದು ಅದು. ಗೋಪುರದ ತುದಿ ಮಾತ್ರ ಕಂಡ್ರೆ ಅದನ್ನೇ ಹಾಕಿ. ಪೋಸ್ಟ್‌ಕಾರ್ಡ್ ನೋಡೋಕೆ ನಿಮ್ಮ ಬ್ಲಾಗಿಗೆ ಯಾಕ್ರೀ ಬರ್ಬೇಕು?